ಕೊಲೆಯ ಕಥೆಯೂ ನೋಡುವವನ ಭಾವವೂ

ಪಾಪಕ್ಕೆ ಮನಸ್ಸು, ಮಾತು, ಕಾಯ ಎಂಬ ಮೂರು ದ್ವಾರಗಳುಂಟೆಂದೂ, ಅದನ್ನು ತಾನೇ ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಎಂದು ಮೂರು ಬಗೆಯುಂಟೆಂದೂ ನಮ್ಮ ಆಚಾರ್ಯರು ಹೇಳಿದ್ದಾರೆ. ಈ ಲೆಕ್ಕವನ್ನು ಬಲ್ಲ ಶ್ರಾವಕ ಬಂಧುಗಳ ಮುಂದೆ ಇಂದು ಬಂದು ನಿಂತಿರುವ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ, ನೀರನ್ನು ಸೋಸಿ ಕುಡಿಯುವ, ಇರುವೆಯ ಸಾಲನ್ನು ದಾಟಿ ಹೆಜ್ಜೆಯಿಡುವ ಮನೆಯವರೇ ರಾತ್ರಿಯಾಯಿತೆಂದರೆ ಪರದೆಯ ಮುಂದೆ ಕುಳಿತು ಕೊಲೆಯ ಧಾರಾವಾಹಿಯನ್ನು ಕಂತಿನ ಮೇಲೆ ಕಂತಾಗಿ ನೋಡುತ್ತಾರೆ. ಅಲ್ಲಿ ಯಾರೂ ಸತ್ತಿಲ್ಲ. ಹರಿದದ್ದು ಬಣ್ಣದ ನೀರು, ಹೆಣವಾಗಿ ಮಲಗಿದವಳು ಸಂಭಾವನೆ ಪಡೆದು ಮನೆಗೆ ಹೋದ ನಟಿ. ಹೀಗಿರುವಾಗ ನೋಡುವವನಿಗೆ ದೋಷವೆಲ್ಲಿಂದ ಬಂತು?

ಅಪರಾಧದ ಕಥೆಯ ರುಚಿ ಕನ್ನಡಿಗರಿಗೆ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ತಲೆಮಾರು ಇನ್ನೂ ನಮ್ಮೊಡನಿದೆ. ಬಾಡಿಗೆಯ ವಾಚನಾಲಯಗಳಿಂದ ಆ ಪುಸ್ತಕಗಳನ್ನು ತಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟುಕೊಂಡು ಓದಿದವರು ಎಷ್ಟೋ ಮಂದಿ. 1993ರಲ್ಲಿ ದೂರದರ್ಶನದಲ್ಲಿ ಬ್ಯೋಮಕೇಶ್ ಬಕ್ಷಿ ಬಂದಾಗ ಊರಿಗೆ ಊರೇ ನೋಡಿತು. ಈಗ ಮೊಬೈಲು ಹಾಗೂ ಅಂತರಜಾಲದ ಕಾಲ. ಹಿರೇಗುಂಟನೂರಿನಂತಹ ಹೋಬಳಿ ಕೇಂದ್ರದಲ್ಲಿ ಕುಳಿತ ಯುವಕನೂ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್‌ಗಳಲ್ಲಿ ತಯಾರಾದ ಧಾರಾವಾಹಿಯನ್ನು ಅಡಿಬರಹ ಓದಿಕೊಂಡು ನೋಡಬಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳು ಹಬ್ಬಕ್ಕೆ ಮನೆಗೆ ಬಂದಾಗ ಮಾತನಾಡಿಕೊಳ್ಳುವುದೂ ಇವುಗಳನ್ನು ಕುರಿತೇ. ಆದುದರಿಂದ ಈ ಉತ್ತರದ ದೇಶಗಳ ಕಥೆಗಳ ಸ್ವರೂಪವೇನೆಂದು ಹಿರಿಯರೂ ತಿಳಿದುಕೊಳ್ಳುವುದು ಲೇಸು.

ಈ ಪರಂಪರೆಯ ಮೂಲ ಸ್ವೀಡನ್ನಿನಲ್ಲಿದೆ. ಮಾಯ್ ಶೋವಾಲ್ ಮತ್ತು ಪೆರ್ ವಾಲೂ ಎಂಬ ಜೋಡಿ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯನ್ನು ಕುರಿತು ಹತ್ತು ಕಾದಂಬರಿಗಳನ್ನು ಬರೆಯಿತು. ಕೊಂದವನು ಯಾರೆಂಬುದಕ್ಕಿಂತ, ಎಲ್ಲರ ಯೋಗಕ್ಷೇಮವನ್ನು ಹೊತ್ತಿದ್ದೇನೆ ಎಂದು ಹೇಳಿಕೊಳ್ಳುವ ರಾಜ್ಯದ ಒಳಗೆ ಇಂತಹ ಕೊಲೆಗಳು ಏಕೆ ನಡೆಯುತ್ತವೆ ಎಂಬುದೇ ಅವರ ವಿಚಾರಣೆಯ ವಿಷಯ. ಆ ದೇಶದ ಪ್ರಧಾನಿ ಓಲೋಫ್ ಪಾಮೆ 1986ರ ಫೆಬ್ರವರಿ 28ರ ರಾತ್ರಿ ಚಲನಚಿತ್ರ ನೋಡಿ ಪತ್ನಿಯೊಡನೆ ನಡೆದು ಹೋಗುತ್ತಿದ್ದಾಗ ಗುಂಡೇಟಿಗೆ ಬಲಿಯಾದರು. ಶಂಕಿತನು ಆ ವೇಳೆಗಾಗಲೇ ತೀರಿಕೊಂಡಿದ್ದನೆಂಬ ಕಾರಣದಿಂದ 2020ರಲ್ಲಿ ಆ ಪ್ರಕರಣವನ್ನು ಮುಕ್ತಾಯಗೊಳಿಸಲಾಯಿತು. ಅಷ್ಟೊಂದು ಶಾಂತವೆಂದು ಹೆಸರಾದ ನಾಡಿನ ಮನಸ್ಸಿನಲ್ಲಿ ಈ ಘಟನೆ ಉಳಿಸಿದ ಪ್ರಶ್ನೆ ದೊಡ್ಡದು.

ದೂರದರ್ಶನದಲ್ಲಿ ಈ ಕಥೆಗಳಿಗೆ ಜಗತ್ತಿನ ಪ್ರೇಕ್ಷಕರನ್ನು ತಂದುಕೊಟ್ಟದ್ದು ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿ 2007ರಲ್ಲಿ ಪ್ರಸಾರ ಮಾಡಿದ ‘ಫೋರ್‌ಬ್ರೂದೆಲ್ಸೆನ್’. ಆ ಹೆಸರಿಗೆ ಅಪರಾಧವೆಂದೇ ಅರ್ಥ. 2011ರಲ್ಲಿ ಬ್ರಿಟನ್ನಿನಲ್ಲಿ ಅದು ಪ್ರಸಾರವಾದಾಗ ಡೇನಿಷ್ ಭಾಷೆಯ ಒಂದು ಪದವೂ ಬಾರದ ಜನ ಅದಕ್ಕೆ ಮಾರುಹೋದರು. ನಾಯಕಿಯಾದ ಪೊಲೀಸ್ ಅಧಿಕಾರಿಣಿ ತೊಟ್ಟ ಉಣ್ಣೆಯ ಸ್ವೆಟರಿಗೂ ಗಿರಾಕಿಗಳು ಹುಟ್ಟಿಕೊಂಡರು. ಇದರ ಕಥೆಯನ್ನೇ ಆಧರಿಸಿದ ಹಿಂದಿ ಧಾರಾವಾಹಿಯೊಂದು 2025ರಲ್ಲಿ ನಮ್ಮ ದೇಶದಲ್ಲಿಯೂ ಬಂದಿತು. 2011ರಲ್ಲಿ ಬಂದ ಇನ್ನೊಂದು ಧಾರಾವಾಹಿ ಸ್ವೀಡನ್ ಮತ್ತು ಡೆನ್ಮಾರ್ಕನ್ನು ಕೂಡಿಸುವ ಓರೆಸುಂಡ್ ಸೇತುವೆಯನ್ನು ಕುರಿತದ್ದು. ಸೇತುವೆಯ ನಡುವೆ, ಎರಡು ದೇಶಗಳ ಗಡಿರೇಖೆಯ ಮೇಲೆಯೇ, ಒಂದು ಶವ ದೊರೆಯುತ್ತದೆ. ಪರೀಕ್ಷಿಸಿದಾಗ ಅದು ಇಬ್ಬರು ಹೆಂಗಸರ ಎರಡು ಅರ್ಧದೇಹಗಳೆಂದು ತಿಳಿಯುತ್ತದೆ.

ಈ ಎರಡು ಉದಾಹರಣೆಗಳನ್ನು ಬೇಕೆಂದೇ ಅಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಇಪ್ಪತ್ತು ಕಂತುಗಳಿಗೂ ಸೇರಿ ತನಿಖೆಯಾಗುವುದು ಮುಖ್ಯವಾಗಿ ಒಬ್ಬಳೇ ತರುಣಿಯ ಕೊಲೆ. ಒಂದೊಂದು ಕಂತು ತನಿಖೆಯ ಒಂದೊಂದು ದಿನ. ಅಷ್ಟು ದಿನವೂ ಕಥೆ ಸತ್ತವಳ ತಂದೆ, ತಾಯಿ, ತಮ್ಮಂದಿರನ್ನು ಬಿಟ್ಟು ಹೋಗುವುದಿಲ್ಲ. ಅವರ ಅಡುಗೆಮನೆ, ಮಗಳ ಬರಿದಾದ ಕೋಣೆ, ಶವಸಂಸ್ಕಾರದ ಸಿದ್ಧತೆ, ಗಂಡಹೆಂಡಿರ ನಡುವೆ ಬೆಳೆಯುವ ಮೌನ ಇವೆಲ್ಲ ನೋಡುವವನ ಎದುರಿಗೆ ನಡೆಯುತ್ತವೆ. ಎರಡನೆಯದರಲ್ಲಿಯೂ ಸಮಾಜದ ವಿಮರ್ಶೆಯುಂಟು, ಒಳ್ಳೆಯ ಪಾತ್ರಗಳುಂಟು. ಆದರೆ ಮೊದಲ ದೃಶ್ಯದಲ್ಲಿ ಮನಸ್ಸನ್ನು ಸೆಳೆಯುವುದು ಕೊಂದವನ ಯೋಜನಾಚಾತುರ್ಯ. ಒಂದು ಕಡೆ ಕೊಲೆಯ ಫಲ ಮುಂದೆ ನಿಂತಿದೆ, ಇನ್ನೊಂದು ಕಡೆ ಕೊಲೆಯ ಕೌಶಲ.

ಈಗ ಶಾಸ್ತ್ರದ ಕಡೆ ತಿರುಗೋಣ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಎರಡು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದವು. ಪರರಿಗೆ ವಧೆ, ಬಂಧನ, ಛೇದನಗಳು ಒದಗಲೆಂದು ಚಿಂತಿಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವಂಥವನ್ನು ಕೇಳುವುದು ದುಃಶ್ರುತಿ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪವಾದುದರಿಂದಲೇ ಅದು ಅನರ್ಥ. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಸರಕು ಕೊಳ್ಳದೆ ಸಾಲ ಮಾಡಿದ ಹಾಗೆ. ‘ತತ್ತ್ವಾರ್ಥಸೂತ್ರ’ದಲ್ಲಿ ಉಮಾಸ್ವಾಮಿಗಳು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಮೊದಲು ಎಣಿಸಿರುವುದು ಹಿಂಸೆಯ ನಿಮಿತ್ತವಾಗಿ ಹುಟ್ಟುವುದನ್ನು. ಹಿಂಸೆಯಲ್ಲಿ ಮನಸ್ಸು ಆನಂದಪಡುವ ಆ ಸ್ಥಿತಿಯನ್ನೇ ಹಿಂಸಾನಂದವೆಂದು ಕರೆಯುವುದು ವಾಡಿಕೆ. ಅಲ್ಲಿ ಕೈ ಅಲುಗಬೇಕಾಗಿಲ್ಲ, ಚಿತ್ತ ಅಲುಗಿದರೆ ಸಾಕು.

ಆದರೆ ಅದು ಕಲ್ಪಿತ ಹಿಂಸೆಯಲ್ಲವೆ ಎಂಬ ಆಕ್ಷೇಪ ಉಳಿದೇ ಇದೆ. ಇದಕ್ಕೆ ಕನ್ನಡದಲ್ಲಿ ಎಂಟುನೂರು ವರ್ಷಗಳಷ್ಟು ಹಳೆಯದಾದ ಉತ್ತರವಿದೆ. ಜನ್ನಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜನು ಜೀವಬಲಿಯನ್ನು ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನ ಕೋಳಿಯನ್ನಾದರೂ ಬಲಿಕೊಡಲು ಒಡಂಬಡುತ್ತಾನೆ. ಅಷ್ಟು ಮಾತ್ರಕ್ಕೆ ತಾಯಿಮಗ ಇಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ಬಳಲುತ್ತಾರೆ. ಕೋಳಿ ಹಿಟ್ಟಿನದಾದರೂ ಸಂಕಲ್ಪ ಹಿಟ್ಟಿನದಲ್ಲ ಎಂಬುದೇ ಕಥೆಯ ಸಾರ.

ಇದನ್ನೇ ಹಿಡಿದು, ಧಾರಾವಾಹಿ ನೋಡುವವರೆಲ್ಲರೂ ಯಶೋಧರನ ದಾರಿಯವರೆಂದು ತೀರ್ಪು ಕೊಡುವುದು ನ್ಯಾಯವಾಗದು. ರಾಜನು ಕೈಯಲ್ಲಿ ಖಡ್ಗ ಹಿಡಿದು ವಧೆಯ ಸಂಕಲ್ಪ ಮಾಡಿದನು. ಪ್ರೇಕ್ಷಕನು ಅಂತಹ ಸಂಕಲ್ಪ ಮಾಡಿದವನಲ್ಲ. ಬಲಿಯನ್ನು ನೋಡಲು ಸುತ್ತ ನೆರೆದವರಲ್ಲಿ ಒಬ್ಬ. ಆದುದರಿಂದ ಅವನ ವಿಷಯದಲ್ಲಿ ಕೇಳಬೇಕಾದದ್ದು ಕೃತದ ಪ್ರಶ್ನೆಯಲ್ಲ, ಕಾರಿತ ಮತ್ತು ಅನುಮೋದನೆಗಳ ಪ್ರಶ್ನೆ. ಕಾರಿತವನ್ನು ನಾವು ವ್ಯಾಪಾರಸ್ಥರು ಬೇಗ ಅರ್ಥಮಾಡಿಕೊಳ್ಳಬಲ್ಲೆವು. ಗಿರಾಕಿ ಕೇಳಿದ ಸರಕನ್ನೇ ಅಂಗಡಿಯವನು ತರಿಸುತ್ತಾನೆ. ವಿಚಿತ್ರವಾದ ಕೊಲೆಗೆ ಹೆಚ್ಚು ನೋಟಕರು ಸೇರಿದರೆ ಮುಂದಿನ ವರ್ಷ ಇನ್ನೂ ವಿಚಿತ್ರವಾದ ಕೊಲೆ ತಯಾರಾಗುತ್ತದೆ. ತಿಂಗಳ ಚಂದಾ ಕಟ್ಟಿದವನು ಆ ತಯಾರಿಕೆಯಲ್ಲಿ ಅಷ್ಟರಮಟ್ಟಿಗೆ ಪಾಲುದಾರ. ಅನುಮೋದನೆಯ ವಿಷಯ ಇನ್ನೂ ಸೂಕ್ಷ್ಮ. ಕೊಲೆ ಒಳ್ಳೆಯದೆಂದು ಯಾವ ಪ್ರೇಕ್ಷಕನೂ ಹೇಳುವುದಿಲ್ಲ. ಆದರೂ ಒಂದು ಕಂತಿನಲ್ಲಿ ಯಾರೂ ಸಾಯದೆ ಹೋದಾಗ ಇಂದು ಏನೂ ನಡೆಯಲಿಲ್ಲವೆಂದು ಬೇಸರವಾದರೆ, ಆ ಮನಸ್ಸು ಸಾವನ್ನು ಕಾಯುತ್ತಿತ್ತೆಂದೇ ಅರ್ಥ. ಹಿಂಸಾನಂದದ ಹೊಸ್ತಿಲು ಇದೇ.

ಹಾಗಾದರೆ ಹಿಂಸೆಯ ಕಥೆಯನ್ನೇ ಕೇಳಬಾರದೆ? ಹಾಗೆಂದರೆ ನಮ್ಮ ಸಾಹಿತ್ಯದ ದೊಡ್ಡ ಭಾಗವನ್ನೇ ಮುಚ್ಚಿಡಬೇಕಾದೀತು. ‘ವಡ್ಡಾರಾಧನೆ’ಯಲ್ಲಿ ಸುಕುಮಾರಸ್ವಾಮಿಯನ್ನು ಹೆಣ್ಣುನರಿಯೊಂದು ಮರಿಗಳೊಡನೆ ಬಂದು ಜೀವಂತವಾಗಿ ತಿನ್ನುತ್ತದೆ. ಆ ಕಥೆಯನ್ನು ಕೇಳಿ ನರಿಯ ಹಲ್ಲಿನ ಹರಿತವನ್ನು ಮೆಚ್ಚಿದ ಶ್ರಾವಕನಿಲ್ಲ. ಕೇಳುಗನ ಮನಸ್ಸು ನಿಲ್ಲುವುದು ಮುನಿಯ ಸಮಭಾವದಲ್ಲಿ. ಅದೇ ಗ್ರಂಥದ ವಿದ್ಯುಚ್ಚೋರನ ಕಥೆಯಂತೂ ಕಳ್ಳನನ್ನು ಪತ್ತೆಹಚ್ಚುವ ಕಥೆಯೇ. ಹಗಲು ಕುಷ್ಠರೋಗಿಯಂತೆ ವೇಷ ಹಾಕಿದ ಕಳ್ಳ ಅರಮನೆಯ ಹಾರವನ್ನು ಕದಿಯುತ್ತಾನೆ. ತಳಾರ ಯಮದಂಡ ಅವನನ್ನು ಹಿಡಿದು ತರುತ್ತಾನೆ. ಎಷ್ಟು ದಂಡಿಸಿದರೂ ಬಾಯಿಬಿಡದವನು ರಾಜನು ಅಭಯ ಕೊಟ್ಟ ಮೇಲೆ ಸತ್ಯವನ್ನು ಹೇಳುತ್ತಾನೆ. ಕೊನೆಗೆ ದೀಕ್ಷೆ ಪಡೆದು ಋಷಿಯಾಗುತ್ತಾನೆ. ಕಳ್ಳ ಯಾರೆಂದು ತಿಳಿದೊಡನೆ ಮುಗಿಯುವ ಕಥೆ ಅದಲ್ಲ. ಸಿಕ್ಕಿಬಿದ್ದವನಿಗೂ ಮುಂದೆ ಒಂದು ದಾರಿಯುಂಟೆಂದು ತೋರಿಸಿ ಮುಗಿಯುತ್ತದೆ.

ಆದುದರಿಂದ ಭೇದವಿರುವುದು ಕಥೆ ನಮ್ಮ ಭಾವವನ್ನು ಎಲ್ಲಿಗೆ ಒಯ್ದು ಬಿಡುತ್ತದೆ ಎಂಬುದರಲ್ಲಿ. ‘ತತ್ತ್ವಾರ್ಥಸೂತ್ರ’ ನಾಲ್ಕು ಭಾವನೆಗಳನ್ನು ಹೇಳುತ್ತದೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಅವಿನೀತರಲ್ಲಿ ಮಾಧ್ಯಸ್ಥ್ಯ. ಡೆನ್ಮಾರ್ಕಿನ ಆ ತಾಯಿತಂದೆಯರ ದುಃಖವನ್ನು ಇಪ್ಪತ್ತು ಕಂತು ನೋಡಿದವನಲ್ಲಿ ಕಾರುಣ್ಯ ಹುಟ್ಟಿದ್ದರೆ, ಕೊಲೆಗಾರ ಯಾರೆಂದು ತಿಳಿದಾಗ ಅವನನ್ನು ಕತ್ತರಿಸಬೇಕೆಂಬ ಅಪಧ್ಯಾನಕ್ಕೆ ಎಡೆಗೊಡದೆ ಮಾಧ್ಯಸ್ಥ್ಯ ನೆಲೆಸಿದ್ದರೆ, ಆ ನೋಟ ವ್ಯರ್ಥವಾಗಲಿಲ್ಲ. ಪರದೇಶದ, ಪರಧರ್ಮದ ಕಥೆಯೆಂಬ ಮಾತ್ರಕ್ಕೆ ಅದನ್ನು ತಳ್ಳಿಹಾಕುವುದು ಅನೇಕಾಂತವನ್ನು ಒಪ್ಪಿದವರಿಗೆ ಸಲ್ಲದು. ಕೇವಲ ಯಾರು, ಹೇಗೆ, ಇನ್ನೆಷ್ಟು ಹೆಣ ಎಂಬ ಕುತೂಹಲವೇ ಉಳಿದಿದ್ದರೆ, ಕಥೆ ಎಷ್ಟೇ ಉತ್ತಮವಾಗಿರಲಿ, ಅದು ಆ ನೋಟಕನ ಪಾಲಿಗೆ ದುಃಶ್ರುತಿಯೇ.

ಇದನ್ನು ಬರಿಯ ಪಾಂಡಿತ್ಯದ ಚರ್ಚೆಯೆಂದು ಯಾರೂ ಎಣಿಸಬಾರದು. ಪರದೆಯ ಮುಂದೆ ಬೆಳೆದ ರುಚಿ ಪರದೆಯ ಕಥೆಗೆ ಮಾತ್ರ ಸೀಮಿತವಾಗಿ ನಿಲ್ಲುವುದಿಲ್ಲ. 2024ರ ಜೂನ್ ತಿಂಗಳಲ್ಲಿ ನಮ್ಮ ಚಿತ್ರದುರ್ಗದ ಯುವಕನೊಬ್ಬನ ಕೊಲೆ ಬೆಂಗಳೂರಿನಲ್ಲಿ ನಡೆಯಿತು. ಪ್ರಸಿದ್ಧ ಚಿತ್ರನಟನೊಬ್ಬ ಆರೋಪಿಗಳಲ್ಲಿ ಸೇರಿದ್ದರಿಂದ ನಾಡೆಲ್ಲ ಅದರ ಮಾತೇ ಆಯಿತು. ವಿಷಯ ನ್ಯಾಯಾಲಯದ ಮುಂದೆ ಹೋದದ್ದರಿಂದ ಆರೋಪದ ನಿಜಾನಿಜವನ್ನು ನಾವು ಆಡತಕ್ಕದ್ದಲ್ಲ. ನೋಡಿದವರ ನಡತೆಯನ್ನಾದರೂ ವಿಚಾರಿಸಬಹುದು. ವಾರಗಟ್ಟಲೆ ಸುದ್ದಿವಾಹಿನಿಗಳು ಆ ಕೊಲೆಯನ್ನು ಕಂತುಕಂತಾಗಿ ಬಿತ್ತರಿಸಿದವು. ಮೃತನ ಕೊನೆಯ ಗಳಿಗೆಗಳದೆಂದು ಹೇಳಲಾದ ಚಿತ್ರವೂ ಪರದೆಗೆ ಬಂದಿತು. ದೋಷಾರೋಪಣ ಪಟ್ಟಿಯ ಗೌಪ್ಯ ವಿವರಗಳನ್ನು ಪ್ರಸಾರ ಮಾಡಬಾರದೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವೇ ತಡೆಯಬೇಕಾಯಿತು. ನಮ್ಮ ಜಿಲ್ಲೆಯ ಅಂಗಡಿ, ಹೋಟೆಲು, ಬಸ್ ನಿಲ್ದಾಣಗಳಲ್ಲಿ ಜನ ನಿಂತು ಅದನ್ನು ನೋಡಿದರು, ಮುಂದೇನಾಯಿತೆಂದು ಕೇಳಿದರು. ಆ ತಂದೆತಾಯಿ, ಆ ತರುಣ ಪತ್ನಿ ಕೋಪನ್‌ಹೇಗನ್ನಿನವರಲ್ಲ, ಸಂಭಾವನೆ ಪಡೆದ ನಟರೂ ಅಲ್ಲ. ಅವರು ನಮ್ಮದೇ ಊರಿನ ಸಂತೆಯಲ್ಲಿ ತರಕಾರಿ ಕೊಳ್ಳುವ ಜನ. ಕಲ್ಪಿತ ಕಥೆಯೊಂದು ಸತ್ತವಳ ಮನೆಯವರ ದುಃಖಕ್ಕೆ ಇಪ್ಪತ್ತು ಕಂತುಗಳ ಅವಕಾಶ ಕೊಟ್ಟಿತು; ನಡೆದ ಸಂಗತಿಯನ್ನು ನೋಡಿದ ನಾವು ಆ ಮನೆಯವರಿಗೆ ಒಂದು ದಿನದ ಮೌನವನ್ನಾದರೂ ಕೊಟ್ಟೆವೆ? ಕಾರುಣ್ಯವನ್ನು ಕಲಿಸದ ನೋಟದ ನಷ್ಟ ಎಲ್ಲಿ ಬಂದು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮನೆಯ ಹಿರಿಯರು ಮಕ್ಕಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುವುದರಿಂದ ಪ್ರಯೋಜನವಿಲ್ಲ. ನಿಷೇಧಿಸಿದ ಸರಕಿಗೆ ಬೆಲೆ ಏರುವುದೆಂದು ಪೇಟೆಯಲ್ಲಿ ಕುಳಿತವರೆಲ್ಲ ಬಲ್ಲರು. ಅದರ ಬದಲು ಜೊತೆಯಲ್ಲಿ ಕುಳಿತು ಒಂದು ಕಥೆಯನ್ನು ನೋಡಿ, ಮುಗಿದ ಮೇಲೆ ಕೇಳಬಹುದು: ಸತ್ತವರ ಹೆಸರು ನಿನಗೆ ನೆನಪಿದೆಯೆ, ಕೊಂದವನದು ಮಾತ್ರವೆ? ಉಳಿದವರು ನಾಳೆ ಹೇಗೆ ಬದುಕುವರೆಂದು ಯೋಚಿಸಿದೆಯಾ? ಈ ಪ್ರಶ್ನೆಗಳಿಗೆ ಮಕ್ಕಳು ಕೊಡುವ ಉತ್ತರ ಎಷ್ಟೋ ಸಲ ಹಿರಿಯರದಕ್ಕಿಂತ ಮೇಲಾಗಿರುತ್ತದೆ. ಬಸದಿಗಳ ಆಡಳಿತ ಮಂಡಳಿಯವರು ದಶಲಕ್ಷಣ ಪರ್ವದ ದಿನಗಳಲ್ಲಿ ‘ವಡ್ಡಾರಾಧನೆ’ಯ ಒಂದೆರಡು ಕಥೆಗಳನ್ನು, ವಿಶೇಷವಾಗಿ ವಿದ್ಯುಚ್ಚೋರನ ಕಥೆಯನ್ನು, ತರುಣರಿಂದಲೇ ಓದಿಸಿ ಇಂದಿನ ಧಾರಾವಾಹಿಗಳೊಡನೆ ಹೋಲಿಸಿ ಮಾತನಾಡಲು ಅವಕಾಶ ಮಾಡಿಕೊಟ್ಟರೆ, ಪತ್ತೇದಾರಿಯ ಕುತೂಹಲವೇ ಸ್ವಾಧ್ಯಾಯಕ್ಕೆ ಬಾಗಿಲಾದೀತು.

ಪ್ರತಿಕ್ರಮಣದ ವೇಳೆಯಲ್ಲಿ ದಿನದ ದೋಷಗಳನ್ನು ಎಣಿಸುವಾಗ ನಾವು ಆಡಿದ್ದನ್ನು, ಮಾಡಿದ್ದನ್ನು ಎಣಿಸುತ್ತೇವೆ. ನೋಡಿದ್ದನ್ನೂ, ನೋಡುವಾಗ ಮನಸ್ಸು ಯಾವುದಕ್ಕಾಗಿ ಕಾದಿತ್ತು ಎಂಬುದನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕೆಂದು ಶ್ರಾವಕ ಬಂಧುಗಳಲ್ಲಿ ನನ್ನ ವಿನಮ್ರ ವಿನಂತಿ.