ಎರಡನೇ ಗೇರಿನ ಸದ್ದು

ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಗಾಡಿ 'ಕರ್ರ್' ಅಂದರೆ ಒಳಗೆ ಕೂತವರೆಲ್ಲ ಒಮ್ಮೆ ಡ್ರೈವರನ ಮುಖ ನೋಡುತ್ತಾರೆ. ಡ್ರೈವರ್ ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ, ಕಣ್ಣು ರಸ್ತೆಯ ಮೇಲಿಟ್ಟು ಕೈಗೆ ಇನ್ನಷ್ಟು ಬಲ ಹಾಕುತ್ತಾನೆ. ಗೇರು ಬೀಳುತ್ತದೆ, ಗಾಡಿ ಮುಂದೆ ಹೋಗುತ್ತದೆ, ಮಾತು ಬೇರೆ ಕಡೆ ತಿರುಗುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಏನು ಸವೆಯಿತು, ಎಷ್ಟು ಸವೆಯಿತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮೂರು ಕುಡಚಿ. ಕೃಷ್ಣೆಯ ದಂಡೆ, ಕಪ್ಪು ಮಣ್ಣು, ಕಬ್ಬು, ಅರಿಷಿಣ. ಅಪ್ಪ ಮತ್ತು ಕಾಕಾ ಸೇರಿ ಹಳೆಯದೊಂದು ಪಿಕಪ್ ಕೊಂಡಾಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಗಾಡಿ ಓಡಿಸಲು ನಮ್ಮ ಓಣಿಯವನೇ ಒಬ್ಬ ಸಿಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಅವನಿಗೆ ಅಣ್ಣಾ ಅನ್ನುತ್ತಿದ್ದೆ, ಅವನು ನನಗೆ ತಮ್ಮಾ ಅನ್ನುತ್ತಿದ್ದ. ಇಲ್ಲಿಯೂ ಅವನನ್ನು ಅಣ್ಣ ಎಂದೇ ಕರೆಯುತ್ತೇನೆ.

ಗಾಡಿ ಕಲಿಸು ಎಂದು ಅವನ ಬೆನ್ನು ಹತ್ತಿದವನು ನಾನೇ. "ಕಾಕಾಗ ಗೊತ್ತಾದ್ರ ನನ್ನ ಕೆಲಸಾ ಹೋಕ್ಕೈತಿ" ಎಂದ. "ನಾ ಹೇಳಂಗಿಲ್ಲ, ನೀನೂ ಹೇಳಬ್ಯಾಡ" ಎಂದೆ. ಒಪ್ಪಿದ. ಕಬ್ಬು ಕಡಿದು ಖಾಲಿಯಾದ ಹೊಲಗಳ ನಡುವಿನ ಬಂಡಿದಾರಿಯಲ್ಲಿ ರಾತ್ರಿ ಊಟವಾದ ಮೇಲೆ ಕಲಿಸಿದ. ಅವನು ಹೇಳಿಕೊಟ್ಟ ಪಾಠ ಒಂದೇ: "ಗೇರಿಗೆ ಜೋರ ಮಾಡಬ್ಯಾಡ ತಮ್ಮಾ. ಅದು ಒಲ್ಲೆ ಅಂತೈತಿ ಅಂದ್ರ ಅದಕ್ಕೊಂದ ಕಾರಣ ಇರತೈತಿ. ತಾಸಗಟ್ಲೆ ಏನ ಕಾಯೂದ ಬ್ಯಾಡ, ಕಣ್ಣ ಮುಚ್ಚಿ ತಗಿಯೂದ್ರಾಗ ತಾನ ಬೀಳತೈತಿ."

ಆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ನನ್ನ ಬಳಿ ಇರಲಿಲ್ಲ. ಗಾಡಿ ಮನೆಯ ಮುಂದೆ ನಿಂತ ಮಧ್ಯಾಹ್ನಗಳಲ್ಲಿ, ಅಪ್ಪ ಮತ್ತು ಕಾಕಾ ಹೊಲದಲ್ಲಿದ್ದಾಗ, ಮೊಳೆಗೆ ನೇತುಹಾಕಿದ ಕೀಲಿ ತೆಗೆದುಕೊಂಡು ಒಬ್ಬನೇ ಹೋಗತೊಡಗಿದೆ. ಕೃಷ್ಣೆ ಉಕ್ಕಿದಾಗ ನಮ್ಮ ಉಗಾರದ ಕಡೆಯ ಸೇತುವೆ ಮುಳುಗುತ್ತದೆ, ಅಷ್ಟು ತಗ್ಗಿನಲ್ಲಿದೆ. ಅದನ್ನು ದಾಟಿ ಮೇಲೇರುವಾಗ ಎರಡನೇ ಗೇರು ಬೇಕೇ ಬೇಕು. ವೇಗ ಇಳಿಸಲು ಮನಸ್ಸಿಲ್ಲದೆ, ಕ್ಲಚ್ಚನ್ನು ಪೂರ್ತಿ ಒತ್ತದೆ, ಲಿವರನ್ನು ಎಳೆದು ಒಳಗೆ ನೂಕುತ್ತಿದ್ದೆ. ಪ್ರತಿ ಸಲವೂ ಅದೇ 'ಕರ್ರ್'. ಪಕ್ಕದಲ್ಲಿ ಗೆಳೆಯರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸುಮಾರು ಎಂಟು ತಿಂಗಳು ಹೀಗೇ ನಡೆಯಿತು.

ಹೋಳಿ ಹುಣ್ಣಿಮೆಯ ಮರುವಾರ, ಸಾಂಗಲಿ ಪೇಟೆಗೆ ಅರಿಷಿಣದ ಚೀಲ ಹೇರಿಕೊಂಡು ನಸುಕಿನಲ್ಲಿ ಹೊರಟ ಗಾಡಿ ಉಗಾರ ದಾಟುವಷ್ಟರಲ್ಲಿ ನಿಂತಿತು. ಎರಡನೇ ಗೇರು ಬೀಳಲೇ ಇಲ್ಲ. ಜೋರು ಮಾಡಿದರೆ ಒಳಗೆ ಕಲ್ಲು ತುಂಬಿದ ಡಬ್ಬಿಯನ್ನು ಅಲುಗಾಡಿಸಿದಂತೆ ಸದ್ದು. ಬೇರೆ ಗಾಡಿ ತರಿಸಿ ಮಾಲು ದಾಟಿಸುವಷ್ಟರಲ್ಲಿ ಆ ದಿನದ ಸವಾಲು ಮುಗಿದಿತ್ತು. ಸ್ಟೇರಿಂಗ್ ಹಿಡಿದಿದ್ದವನು ಅಣ್ಣ.

ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿದಾಗ ನಾನೂ ಕಾಕಾನ ಜೊತೆ ಇದ್ದೆ. ಮಿಸ್ತ್ರಿ ಎಣ್ಣೆ ಒರೆಸಿ ಒಂದು ಹಿತ್ತಾಳೆಯ ಉಂಗುರವನ್ನು ನನ್ನ ಅಂಗೈಯಲ್ಲಿಟ್ಟ. ಅದರ ಒಳಮೈ ಕನ್ನಡಿಯಷ್ಟು ನುಣುಪಾಗಿತ್ತು. "ಇದರಾಗ ಗೆರಿ ಇರಬೇಕಿತ್ರಿ, ಎಲ್ಲಾ ಹೋಗ್ಯಾವ. ಇದ ಒಂದ ದಿವಸದ ಕೆಲಸ ಅಲ್ರಿ ಸಾವ್ಕಾರ್ರ. ಗಾಡಿ ಎಷ್ಟ ಮಂದಿ ಓಡಸ್ತೀರಿ?" ಎಂದು ಕೇಳಿದ.

"ಇವನೊಬ್ನ ರೀ ಡ್ರೈವರ್. ಮತ್ಯಾರ ಓಡಸ್ತಾರ?" ಎಂದರು ಕಾಕಾ.

ಅಣ್ಣ ನನ್ನ ಕಡೆ ನೋಡಲಿಲ್ಲ. ನಾನು ಉಂಗುರವನ್ನೇ ನೋಡುತ್ತಾ ನಿಂತೆ. ಖರ್ಚು 18,000 ರೂಪಾಯಿ. ಅವನ ಪಗಾರದಲ್ಲಿ ತಿಂಗಳಿಗೆ 1,500ರಂತೆ ಹನ್ನೆರಡು ತಿಂಗಳು ಮುರಿದುಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು.

ಆ ಉಂಗುರದ ಕೆಲಸವೇನೆಂದು ಆಮೇಲೆ ಓದಿ ತಿಳಿದುಕೊಂಡೆ. ಗೇರ್ ಬಾಕ್ಸಿನೊಳಗಿನ ಹಲ್ಲುಚಕ್ರಗಳು ಯಾವಾಗಲೂ ಒಂದಕ್ಕೊಂದು ಹೊಂದಿಕೊಂಡೇ ತಿರುಗುತ್ತಿರುತ್ತವೆ. ನಾವು ಗೇರು ಹಾಕುವುದೆಂದರೆ ಆ ಚಕ್ರಗಳಲ್ಲಿ ಒಂದನ್ನು ಶಾಫ್ಟಿಗೆ ಬಿಗಿಯುವುದು. ಬಿಗಿಯಬೇಕಾದರೆ ಎರಡರ ವೇಗವೂ ಸಮವಾಗಬೇಕು. ಸಮ ಮಾಡುವುದು ಈ ಹಿತ್ತಾಳೆಯ ಉಂಗುರ. ಚಕ್ರದ ಇಳಿಜಾರು ಮೈಗೆ ಉಜ್ಜಿಕೊಂಡು, ನಿಧಾನವಾದದ್ದನ್ನು ಎಬ್ಬಿಸಿ, ವೇಗವಾದದ್ದನ್ನು ತಡೆದು, ಆಮೇಲೆ ದಾರಿ ಬಿಡುತ್ತದೆ. ಒಳಮೈಯ ಸಣ್ಣ ಗೆರೆಗಳು ಎಣ್ಣೆಯ ಪೊರೆಯನ್ನು ಕತ್ತರಿಸಿ ಹಿಡಿತ ಕೊಡುತ್ತವೆ. ನಾವು ಅವಸರ ಮಾಡಿದರೆ, ಅಥವಾ ಕ್ಲಚ್ ಪೂರ್ತಿ ಒತ್ತದಿದ್ದರೆ, ಅದಕ್ಕೆ ಸಮ ಮಾಡಲು ಆಗುವುದಿಲ್ಲ. ಉಕ್ಕಿನ ಹಲ್ಲಿಗೆ ಹಲ್ಲು ಬಡಿಯುತ್ತದೆ. ಆ ಬಡಿತವೇ ನಾವು ಕೇಳುವ ಸದ್ದು.

ಈ ಉಂಗುರ ಮೊದಲಿನಿಂದ ಇರಲಿಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಲೆವಾಸೊರ್ ಕಾರಿಗೆ ಗೇರ್ ಬಾಕ್ಸ್ ಅಳವಡಿಸಿದಾಗ ತಿರುಗುವ ಚಕ್ರಗಳನ್ನೇ ಜರುಗಿಸಿ ಒಂದರೊಳಗೊಂದು ನೂಕಬೇಕಿತ್ತು. ಇದು ಒರಟು, ಆದರೆ ನಡೆಯುತ್ತದೆ ಎಂದು ಅವನೇ ಹೇಳಿದ್ದನೆಂಬ ಪ್ರತೀತಿ ಇದೆ. ಮುಂದಿನ ಮೂರು ದಶಕ ಡ್ರೈವರುಗಳು ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಕ್ಸಲರೇಟರ್ ಕೊಟ್ಟು, ಎರಡೂ ಕಡೆಯ ವೇಗವನ್ನು ಕಿವಿಯಿಂದಲೇ ಅಳೆದು ಗೇರು ಹಾಕಿದರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಬಂತು. ಮನುಷ್ಯನ ಕಿವಿ ಮಾಡುತ್ತಿದ್ದ ಕೆಲಸ ಯಂತ್ರದ ಪಾಲಿಗೆ ಹೋಯಿತು. ನಮ್ಮ ಅವಸರವನ್ನು ನಮ್ಮ ಪರವಾಗಿ ಸಹಿಸಿಕೊಳ್ಳುವ ಭಾಗವೊಂದು ಹುಟ್ಟಿಕೊಂಡಿತು.

ನನ್ನ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಆ ಉಂಗುರವನ್ನು ಸವೆಸಿದವರು ಯಾರು?

ನನ್ನ ಪರವಾಗಿ ನಾನೇ ಬಹಳ ವಾದ ಮಾಡಿದ್ದೇನೆ. ಗಾಡಿ ಹಳೆಯದು. ಮೊದಲಿನ ಮಾಲಕ ಹೇಗೆ ಓಡಿಸಿದ್ದನೋ. ಗೇರ್ ಎಣ್ಣೆ ಬದಲಿಸಲು ಕಾಕಾ ಖರ್ಚು ನೋಡುತ್ತಿದ್ದರು. ಯಾವಾಗಲೂ ಮಿತಿಗಿಂತ ಹೆಚ್ಚು ಹೇರುತ್ತಿದ್ದರು. ಅಣ್ಣನ ಕೈಯಲ್ಲೂ ಒಮ್ಮೊಮ್ಮೆ ಸದ್ದು ಬಂದಿರಬಹುದು. ನಾನು ಓಡಿಸಿದ್ದು ವಾರಕ್ಕೆ ಎರಡು ಸಲ. ನನ್ನ ಯಾವ ಒಂದು 'ಕರ್ರ್' ಕೂಡ ಗೇರ್ ಬಾಕ್ಸನ್ನು ಮುರಿಯಲಿಲ್ಲ. ಯಾವ ಒಂದು ಏಟೂ ಮುರಿಯದಿದ್ದರೆ ಮುರಿದವನು ನಾನು ಹೇಗಾಗುತ್ತೇನೆ?

ಈ ವಾದದ ತಪ್ಪನ್ನು ಡೆರೆಕ್ ಪಾರ್ಫಿಟ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1984ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಹಿಡಿದುಕೊಟ್ಟಿದ್ದಾನೆ. ಸಾವಿರ ಜನ ಹಿಂಸಕರಿದ್ದಾರೆ, ಸಾವಿರ ಜನ ಬಲಿಗಳಿದ್ದಾರೆ. ಪ್ರತಿಯೊಬ್ಬ ಹಿಂಸಕನೂ ಒಂದು ಗುಂಡಿ ಒತ್ತುತ್ತಾನೆ. ಅದರಿಂದ ಪ್ರತಿ ಬಲಿಯ ನೋವು ಅವನಿಗೇ ತಿಳಿಯದಷ್ಟು ಸ್ವಲ್ಪ ಹೆಚ್ಚುತ್ತದೆ. ಎಲ್ಲರೂ ಒತ್ತಿದಾಗ ನೋವು ಭಯಂಕರ. ನಾನು ಯಾರಿಗೂ ಕಾಣುವಂಥ ಕೇಡು ಮಾಡಿಲ್ಲ ಎಂದು ಪ್ರತಿಯೊಬ್ಬನೂ ನಿಜವನ್ನೇ ಹೇಳಬಹುದು, ಆದರೂ ಅಲ್ಲಿ ಘೋರ ಕೃತ್ಯವೊಂದು ನಡೆದಿದೆ. ನನ್ನ ಒಂದು ಕೆಲಸದ ಪರಿಣಾಮವೇನು ಎಂದಷ್ಟೇ ಕೇಳಿದರೆ ಸಾಲದು, ನಾನು ಸೇರಿಕೊಂಡಿರುವ ಕೆಲಸಗಳ ಗುಂಪು ಏನು ಮಾಡುತ್ತಿದೆ ಎಂದೂ ಕೇಳಬೇಕು ಎನ್ನುತ್ತಾನೆ ಪಾರ್ಫಿಟ್. ನನ್ನ ಲೆಕ್ಕದಲ್ಲಿ ಇನ್ನೂ ಒಂದು ವ್ಯತ್ಯಾಸವಿದೆ. ಅವನ ಗುಂಡಿಗಳು ಸದ್ದು ಮಾಡುವುದಿಲ್ಲ. ನನ್ನ ಗೇರು ಪ್ರತಿ ಸಲವೂ ಕೂಗಿ ಹೇಳಿತ್ತು. ತಿಳಿಯಲಿಲ್ಲ ಎನ್ನುವ ಹಾಗಿಲ್ಲ.

ಇನ್ನೊಂದು ವಾದವೂ ಇತ್ತು: ಮುರಿದಾಗ ಗಾಡಿ ಅಣ್ಣನ ಕೈಯಲ್ಲಿತ್ತಲ್ಲ. ಥಾಮಸ್ ನೇಗೆಲ್ ಅದೃಷ್ಟ ಮತ್ತು ನೈತಿಕತೆಯ ಬಗ್ಗೆ 1976ರಲ್ಲಿ ಬರೆದಾಗ ಲಾರಿ ಡ್ರೈವರನ ಉದಾಹರಣೆಯನ್ನೇ ಕೊಟ್ಟಿದ್ದ. ಬ್ರೇಕ್ ಪರೀಕ್ಷಿಸದೆ ಬಿಟ್ಟ ಡ್ರೈವರನ ಎದುರು ಮಗು ಓಡಿ ಬಂದರೆ ಅವನು ಸಾವಿಗೆ ಕಾರಣನಾಗುತ್ತಾನೆ. ಅಷ್ಟೇ ಅಲಕ್ಷ್ಯ ಮಾಡಿದ ಇನ್ನೊಬ್ಬನ ಎದುರು ಮಗು ಬಾರದಿದ್ದರೆ ಅವನ ತಪ್ಪನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಇಬ್ಬರ ತಪ್ಪೂ ಒಂದೇ, ಆದರೆ ಜಗತ್ತು ಕೊಡುವ ತೀರ್ಪು ಬೇರೆ ಬೇರೆ. ನಮ್ಮ ಮನೆಯಲ್ಲಿ ಇದು ಇನ್ನೂ ಅಡ್ಡಾದಿಡ್ಡಿಯಾಗಿತ್ತು. ತಪ್ಪು ಬಹುಪಾಲು ನನ್ನದು, ಕೆಟ್ಟ ಗಳಿಗೆ ಅಣ್ಣನದು. ಗಳಿಗೆಯನ್ನು ನೋಡಿ ದಂಡ ಹಾಕಿದರು.

ಆದರೆ ಬರೀ ಗಳಿಗೆ ನೋಡಿ ಹಾಕಿದರೇ? ಆ ನಸುಕಿನಲ್ಲಿ ಗಾಡಿ ನನ್ನ ಕೈಯಲ್ಲಿ ನಿಂತಿದ್ದರೆ ಕಾಕಾ ಬೈಯುತ್ತಿದ್ದರು, ಅಷ್ಟೇ. ನನ್ನಿಂದ 18,000 ಯಾರೂ ಮುರಿದುಕೊಳ್ಳುತ್ತಿರಲಿಲ್ಲ. ಅದೃಷ್ಟ ಎಂದು ನಾವು ಕರೆಯುವುದರ ಹಿಂದೆ ಬಹಳ ಸಲ ಯಾರು ಮಾಲಕ, ಯಾರು ಆಳು ಎಂಬ ಹಳೆಯ ಲೆಕ್ಕ ಅಡಗಿರುತ್ತದೆ. ಆ ದಿನಗಳಲ್ಲಿ ನಾನು ಅಣ್ಣನನ್ನು ಆ ಹಿತ್ತಾಳೆಯ ಉಂಗುರಕ್ಕೆ ಹೋಲಿಸಿ ಡೈರಿಯಲ್ಲಿ ಬರೆದುಕೊಂಡಿದ್ದೆ: ಎರಡು ಉಕ್ಕಿನ ನಡುವೆ ತಾನು ಸವೆಯುವವನು ಎಂದೇನೋ. ಈಗ ಆ ಸಾಲು ಓದಿದರೆ ನಾಚಿಕೆಯಾಗುತ್ತದೆ. ಉಂಗುರವನ್ನು ಮೆತ್ತನೆಯ ಲೋಹದಲ್ಲಿ ಮಾಡುವುದೇ ಅದು ಸವೆಯಲಿ, ದುಬಾರಿ ಚಕ್ರ ಉಳಿಯಲಿ ಎಂದು. ಅಣ್ಣನನ್ನು ಯಾರೂ ಸವೆಯಲೆಂದು ಮಾಡಿರಲಿಲ್ಲ. ಹೋಲಿಕೆ ಚೆನ್ನಾಗಿ ಕೂತಷ್ಟೂ ಅನ್ಯಾಯ ಸಹಜವಾಗಿ ಕಾಣತೊಡಗುತ್ತದೆ. ಸಾಹಿತ್ಯ ಓದುವ ನಮ್ಮಂಥವರು ಈ ಅಪಾಯವನ್ನು ನೆನಪಿಡಬೇಕು.

ವಾಲ್ಮೀಕಿಯ ಬಗ್ಗೆ ನಮ್ಮಲ್ಲಿ ಹೇಳುವ ಕತೆ ನಿಮಗೆಲ್ಲ ಗೊತ್ತು. ದರೋಡೆ ಮಾಡಿ ಮನೆಯವರನ್ನು ಸಾಕುತ್ತಿದ್ದ ಬೇಡ, ನನ್ನ ಪಾಪದಲ್ಲಿ ಪಾಲು ತೆಗೆದುಕೊಳ್ಳುತ್ತೀರಾ ಎಂದು ಹೆಂಡತಿ ಮಕ್ಕಳನ್ನು ಕೇಳುತ್ತಾನೆ. ಅವರು ಒಲ್ಲೆ ಎನ್ನುತ್ತಾರೆ. ಆ ಕತೆಯಲ್ಲಿ ನನಗೆ ಈಗ ಹೊಳೆಯುವುದು ಅವನು ಕೇಳಿದ ಎಂಬ ಸಂಗತಿ. ನಾನು ಕೇಳಲೇ ಇಲ್ಲ. ಮಧ್ಯಾಹ್ನದ ಮಜಾ ನನಗೆ ಇಟ್ಟುಕೊಂಡು ಪಾಪದ ಪಾಲನ್ನು ಒಲ್ಲೆ ಎನ್ನಲಾಗದವನ ತಲೆಗೆ ಕಟ್ಟಿದ್ದೆ.

ನಾಲ್ಕು ತಿಂಗಳು ಸುಮ್ಮನಿದ್ದೆ. ನಾಲ್ಕನೇ ಪಗಾರದ ದಿನ ಕಾಕಾ ನೋಟು ಎಣಿಸಿ ಕೊಟ್ಟಾಗ ಅಣ್ಣ ಎಣಿಸದೆ ಜೇಬಿಗಿಟ್ಟುಕೊಂಡ. ಮುರಿದು ಎಷ್ಟು ಬರುತ್ತದೆಂದು ಅವನಿಗೆ ಗೊತ್ತೇ ಇತ್ತಲ್ಲ. ಅಂದು ಸಂಜೆ ಅವನ ಮನೆಗೆ ಹೋಗಿ ಹೇಳಿದೆ.

"ನನಗ ಗೊತ್ತಿತ್ತೋ ತಮ್ಮಾ" ಎಂದ. "ನಾ ಮುಂಜಾನೆ ಕ್ಲಚ್ ತುಳದ ಕೂಡ್ಲೆ ಗೊತ್ತಾಗತಿತ್ತ, ನಿನ್ನೆ ಗಾಡಿ ಯಾರ ತಗೊಂಡ ಹೋಗಿದ್ರು ಅಂತ."

"ಮತ್ತ ಕಾಕಾಗ ಯಾಕ ಹೇಳಲಿಲ್ಲ?"

"ಹೇಳಂಗಿಲ್ಲ ಅಂತ ನಿನಗ ಮಾತ ಕೊಟ್ಟಿದ್ನೆಲ್ಲ. ಮತ್ತ ಹೇಳಿದ್ರೂ, ಕಲಿಸಿದಾಂವ ನೀನ ಅಂತಿದ್ರು."

ಮರುದಿನ ಕಾಕಾನಿಗೆ ಹೇಳಿದೆ. ಬೈದರು. ಉಳಿದ ಎಂಟು ತಿಂಗಳ ಕಡಿತ ನಿಲ್ಲಿಸಿದರು. ಆಗಲೇ ಮುರಿದಿದ್ದ 6,000ದ ಮಾತೆತ್ತಿದರೆ "ಹೋದದ್ದ ಹೋತು" ಎಂದರು. ಆ ಹಣವನ್ನು ನಾನು ಟ್ಯೂಷನ್ ಹೇಳಿ ಒಂದು ವರ್ಷದಲ್ಲಿ ಕೂಡಿಸಿ ಅಣ್ಣನಿಗೆ ಕೊಟ್ಟೆ. ಬೇಡ ಎನ್ನುತ್ತಾನೆ, ಆಗ ನಾನು ಒತ್ತಾಯ ಮಾಡಬೇಕು, ಆಮೇಲೆ ಇಬ್ಬರ ಕಣ್ಣೂ ಒದ್ದೆಯಾಗುತ್ತದೆ ಎಂದೆಲ್ಲ ದಾರಿಯಲ್ಲಿ ಅಂದುಕೊಂಡಿದ್ದೆ. ಅವನು ತೆಗೆದುಕೊಂಡ, ಈ ಸಲ ಎಣಿಸಿದ, ಒಳಗೆ ಇಟ್ಟು ಬಂದ. ಚಹಾ ಕುಡಿದೆವು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಹೇಳಬೇಕೆಂಬ ಕರಾರೂ ಇರಲಿಲ್ಲ. ಸಾಲ ತೀರಿಸಲು ಬಂದವನು ಅದರ ಮೇಲೆ ಇನ್ನೊಂದು ಉಪಕಾರ ಕೇಳಬಾರದು ಎಂದು ಅಂದು ತಿಳಿಯಿತು.

ಈಗ ಗೇರೇ ಹಾಕಬೇಕಿಲ್ಲದ ಗಾಡಿಗಳು ನಮ್ಮೂರಿನ ರಸ್ತೆಗೂ ಬಂದಿವೆ. ನಮ್ಮ ಅವಸರವನ್ನು ಅವು ಸದ್ದಿಲ್ಲದೆ ಸಂಭಾಳಿಸುತ್ತವೆ. ಅವನ್ನು ನಾನು ಬೈಯುವುದಿಲ್ಲ. ಡ್ರೈವರನ ಎಡಗಾಲಿಗೆ ಅದರಿಂದ ಸಿಗುವ ಸುಖ ದೊಡ್ಡದು. ಆದರೆ ನಾವು ದಿನವೂ ಮಾಡುವ ಸಣ್ಣ ಸಣ್ಣ ಕೇಡುಗಳಲ್ಲಿ ಗೇರಿನ ಹಾಗೆ ಆಗಿಂದಾಗಲೇ ಕೂಗಿ ಹೇಳುವಂಥವು ಬಹಳ ಕಡಿಮೆ. ಉಳಿದವೆಲ್ಲ ಯಾರದೋ ಪಗಾರದಲ್ಲಿ, ಯಾರದೋ ಮೈಯಲ್ಲಿ ಸುಮ್ಮನೆ ಸವೆಯುತ್ತಾ ಹೋಗುತ್ತವೆ. ಕೂಗಿ ಹೇಳಿದಾಗಲೂ ಕೇಳಿಸಿಕೊಳ್ಳದ ನಾನು ಅವುಗಳ ಸದ್ದನ್ನು ಹೇಗೆ ಕೇಳಿಸಿಕೊಳ್ಳಲಿ ಎಂಬ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅಣ್ಣ ಹೇಳಿಕೊಟ್ಟದ್ದಷ್ಟೇ ಇದೆ: ಒಲ್ಲೆ ಅಂದದ್ದಕ್ಕೆ ಜೋರು ಮಾಡುವ ಮೊದಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ನಿಲ್ಲುವುದು, ಯಾಕೆ ಒಲ್ಲೆ ಅನ್ನುತ್ತಿದೆ ಎಂದು ಕೇಳುವುದು. ಊರಿಗೆ ಹೋದಾಗ ಸೇತುವೆ ದಾಟಿ ಏರು ಹತ್ತುವಲ್ಲಿ ಈಗಲೂ ಅಷ್ಟು ಹೊತ್ತು ಕಾಯುತ್ತೇನೆ.