ಗಾಲಿ ಬದಲಾದ ಮೇಲೂ ಅದೇ ಸೈಕಲ್ಲೇ?

1990ರ ದಶಕದಲ್ಲಿ ತಯಾರಾದ ಮೌಂಟನ್ ಬೈಕುಗಳಿಗೆ ಹೆಚ್ಚುಕಡಿಮೆ ಒಂದೇ ಅಳತೆಯ ಗಾಲಿ ಇರುತ್ತಿತ್ತು: 26 ಇಂಚು. 2014–15ರ ಹೊತ್ತಿಗೆ ದೊಡ್ಡ ಕಂಪನಿಗಳು ತಮ್ಮ ಮೇಲ್ದರ್ಜೆಯ ಮಾದರಿಗಳಲ್ಲಿ ಆ ಅಳತೆಯನ್ನು ಬಹುತೇಕ ಕೈಬಿಟ್ಟು 27.5 ಮತ್ತು 29 ಇಂಚಿಗೆ ಹೊರಳಿದವು. ಹಾಗಾಗಿ ಗಟ್ಟಿಮುಟ್ಟಾದ ಹಳೆಯ ಫ್ರೇಮು ಇಟ್ಟುಕೊಂಡವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಇದಕ್ಕೆ 27.5ರ ಗಾಲಿ ಕೂರುತ್ತದೆಯೇ? ಟೇಪು ಹಿಡಿದು ಅಳೆದರೆ ಇದಕ್ಕೆ ಉತ್ತರ ಸಿಕ್ಕೀತು. ಅದರ ಬೆನ್ನಿಗೇ ಬರುವ ಪ್ರಶ್ನೆಗೆ ಮಾತ್ರ ಟೇಪು ಸಾಲದು. ಗಾಲಿ ಕೂರಿಸಿದ ಮೇಲೆ ಎದುರಿಗಿರುವುದು ಹಳೆಯ ಸೈಕಲ್ಲೋ, ಹಳೆಯದರ ಹೆಸರು ಹೊತ್ತ ಬೇರೊಂದೋ? ಅವಯವಗಳು ಬದಲಾಗುತ್ತ ಹೋಗುವ ವಸ್ತು ಯಾವ ಆಧಾರದ ಮೇಲೆ ತಾನಾಗಿಯೇ ಉಳಿಯುತ್ತದೆ ಎಂಬುದು ಎರಡು ಸಾವಿರ ವರ್ಷಗಳಿಂದ ತತ್ತ್ವಶಾಸ್ತ್ರ ಕೇಳುತ್ತ ಬಂದಿರುವ ಪ್ರಶ್ನೆ. ಅದಕ್ಕೆ ರಥ, ಹಡಗುಗಳ ಪ್ರಸಿದ್ಧ ದೃಷ್ಟಾಂತಗಳಿಗಿಂತ ಈ ಗಾಲಿಯ ಪ್ರಶ್ನೆ ಹೆಚ್ಚು ಬೆಳಕು ಚೆಲ್ಲುತ್ತದೆ ಎಂಬುದು ನನ್ನ ವಾದ. ಮನುಷ್ಯ ಮಾಡಿದ ವಸ್ತುವಿನ ತನ್ನತನ ಅದರ ಬಿಡಿಭಾಗಗಳಲ್ಲಿ ಇಲ್ಲ. ಆ ಭಾಗಗಳು ಸೇರಿ ಕೆಲಸ ಮಾಡುವಾಗ ಅವುಗಳ ನಡುವೆ ಇರುವ ಸಂಬಂಧದಲ್ಲಿದೆ.

ಹಳೆಯ ದೃಷ್ಟಾಂತಗಳನ್ನೇ ಮೊದಲು ನೋಡೋಣ. 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ಕೇಳುತ್ತಾನೆ: ನೀನು ಏರಿ ಬಂದ ರಥ ಯಾವುದು? ಅಚ್ಚೇ, ಗಾಲಿಯೇ, ನೊಗವೇ, ಲಗಾಮೇ? ಇವುಗಳಲ್ಲಿ ಒಂದೂ ರಥವಲ್ಲ. ಇವೆಲ್ಲವನ್ನು ಬಿಟ್ಟು ಬೇರೆ ರಥವೂ ಇಲ್ಲ. ಭಾಗಗಳನ್ನು ಆಶ್ರಯಿಸಿ ನಾವು ಕೊಟ್ಟುಕೊಂಡ ಹೆಸರಷ್ಟೇ ರಥ. ಗ್ರೀಕರ ಕಡೆಯಿಂದ ಪ್ಲುಟಾರ್ಕ್ ಹೇಳುವ ಥೀಸಿಯಸ್‌ನ ಹಡಗು ಇದೆ. ಅಥೆನ್ಸಿನವರು ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಜೋಡಿಸುತ್ತ ಆ ಹಡಗನ್ನು ತಲೆಮಾರುಗಟ್ಟಲೆ ಕಾಪಾಡಿದರು. 1655ರಲ್ಲಿ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ತೊಡಕು ಸೇರಿಸಿದ: ತೆಗೆದುಹಾಕಿದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಅದೇ ಕ್ರಮದಲ್ಲಿ ಮತ್ತೊಂದು ಹಡಗು ಕಟ್ಟಿದರೆ ನಿಜವಾದ ಹಡಗು ಯಾವುದು? ಗಮನಿಸಬೇಕಾದ ಸಂಗತಿಯೆಂದರೆ, ಹಡಗಿನ ಕತೆಯಲ್ಲಿ ಹಳೆಯ ಹಲಗೆಯ ಜಾಗಕ್ಕೆ ಬರುವುದು ಅದೇ ಅಳತೆಯ ಹಲಗೆ. ಆದ್ದರಿಂದ ಹಡಗಿನ ಆಕಾರವಾಗಲಿ, ಅದು ನೀರಿನ ಮೇಲೆ ತೇಲುವ ರೀತಿಯಾಗಲಿ ಅಲ್ಲಿ ಚರ್ಚೆಗೇ ಬರುವುದಿಲ್ಲ. ನಾಗಸೇನನ ರಥವನ್ನಂತೂ ಯಾರೂ ಓಡಿಸಿ ನೋಡುವುದಿಲ್ಲ. ಅದನ್ನು ನಿಲ್ಲಿಸಿ ಭಾಗ ಭಾಗವಾಗಿ ಎಣಿಸಲಾಗುತ್ತದೆ. ಬೇರೆ ಅಳತೆಯ ಗಾಲಿ ಬಂದಾಗ ಮಾತ್ರ ಭಾಗ ಮತ್ತು ಸಂಬಂಧ ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಲು ಸಾಧ್ಯವಾಗುತ್ತದೆ.

ಪರೀಕ್ಷೆಗೆ ಬೇಕಾದ ಅಂಕಿಗಳು ಇಲ್ಲಿವೆ. ಮೌಂಟನ್ ಬೈಕಿನ 26 ಇಂಚಿನ ರಿಮ್ಮಿನಲ್ಲಿ ಟೈರು ಕಚ್ಚಿಕೊಳ್ಳುವ ವ್ಯಾಸ 559 ಮಿಲಿಮೀಟರು, 27.5ರದ್ದು 584, 29ರದ್ದು 622. ಅಂದರೆ 26ರಿಂದ 27.5ಕ್ಕೆ ಹೋದಾಗ ರಿಮ್ಮಿನ ತ್ರಿಜ್ಯ ಹೆಚ್ಚುವುದು ಹನ್ನೆರಡೂವರೆ ಮಿಲಿಮೀಟರು. ಆದರೆ ನೆಲ ಮುಟ್ಟುವುದು ರಿಮ್ಮಲ್ಲ, ಟೈರು. 26ರ ರಿಮ್ಮಿಗೆ 2.3 ಇಂಚಿನ ದಪ್ಪ ಟೈರು ಹಾಕಿದರೆ ಹೊರವ್ಯಾಸ 670 ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ, 27.5ರ ರಿಮ್ಮಿಗೆ 1.75 ಇಂಚಿನ ತೆಳು ಟೈರು ಹಾಕಿದರೂ ಹೆಚ್ಚುಕಡಿಮೆ ಅಷ್ಟೇ. ರಿಮ್ಮು, ಕಡ್ಡಿ, ಟ್ಯೂಬು, ಟೈರು ಎಲ್ಲ ಬದಲಾಗಿವೆ, ಆದರೂ ಪೆಡಲು ನೆಲದಿಂದ ಇರುವ ಎತ್ತರ, ಹ್ಯಾಂಡಲ್ ತಿರುಗುವ ಗುಣ, ಗೇರಿನ ಭಾರ ಮೊದಲಿನಂತೆಯೇ ಉಳಿದಿವೆ. ಈಗ ಇದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡಿ. ಕಂಪನಿಯಿಂದ ಬಂದ ಗಾಲಿಗಳನ್ನೇ ಉಳಿಸಿಕೊಂಡು, 2.3ರ ಟೈರು ತೆಗೆದು ಡಾಂಬರು ರಸ್ತೆಗೆ ಒಗ್ಗುವ 1.5ರ ನುಣುಪು ಟೈರು ಹಾಕಿದ್ದಾರೆ ಎನ್ನೋಣ. ಸೈಕಲ್ ಇಡಿಯಾಗಿ ಸುಮಾರು 18–20 ಮಿಲಿಮೀಟರು ಕೆಳಗಿಳಿಯುತ್ತದೆ. ತಿರುವಿನಲ್ಲಿ ವಾಲಿದಾಗ ಪೆಡಲು ನೆಲಕ್ಕೆ ತಾಗುವ ಅಪಾಯ ಹೆಚ್ಚುತ್ತದೆ, ಹ್ಯಾಂಡಲ್ ಚುರುಕಾಗುತ್ತದೆ. ಬದಲಾದದ್ದು ಬರೀ ರಬ್ಬರು, ಆದರೆ ಸವಾರಿ ಬೇರೆಯೇ ಆಯಿತು. ತನ್ನತನ ಭಾಗಗಳಲ್ಲಿದ್ದಿದ್ದರೆ ಹೆಚ್ಚು ಭಾಗ ಬದಲಾದ ಸೈಕಲ್ಲು ಹೆಚ್ಚು ಬೇರೆಯಾಗಬೇಕಿತ್ತು. ಆಗಿರುವುದು ಅದಕ್ಕೆ ತಿರುಗುಮುರುಗು.

ಮಾಧ್ಯಮಿಕ ಬೌದ್ಧರು ಇಷ್ಟಕ್ಕೆ ಒಪ್ಪುವವರಲ್ಲ. ಏಳನೆಯ ಶತಮಾನದ ಚಂದ್ರಕೀರ್ತಿ ರಥವನ್ನು ಏಳು ಬಗೆಯಲ್ಲಿ ಹುಡುಕಿ ಎಲ್ಲಿಯೂ ಸಿಗುವುದಿಲ್ಲ ಎಂದು ತೋರಿಸುತ್ತಾನೆ. ಅವುಗಳಲ್ಲಿ ಕೊನೆಯದು ಆಕಾರ, ಅವನ ಮಾತಿನಲ್ಲಿ ಸಂಸ್ಥಾನ. ನನ್ನ ವಾದಕ್ಕೆ ನೇರವಾಗಿ ತಾಗುವ ಆಕ್ಷೇಪ ಇದು. ಬಿಡಿಯಾಗಿದ್ದಾಗ ಗಾಲಿಗೆ ಯಾವ ಆಕಾರವಿತ್ತೋ ಜೋಡಿಸಿದ ಮೇಲೂ ಅದೇ ಇದೆ, ಅಚ್ಚಿನದೂ ಹಾಗೆಯೇ. ಹಾಗಿದ್ದ ಮೇಲೆ ರಥದ ಆಕಾರ ಎಂಬ ಹೊಸದು ಎಲ್ಲಿಂದ ಬಂತು ಎಂದು ಅವನು ಕೇಳುತ್ತಾನೆ. ಈ ಪ್ರಶ್ನೆಗೆ ಸೈಕಲ್ ಒಂದು ಉತ್ತರ ಕೊಡುತ್ತದೆ. ಮುಂದಿನ ಫೋರ್ಕು ತಿರುಗುವ ಅಕ್ಷವನ್ನು ಓರೆಯಾಗಿಯೇ ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಈ ಎರಡರ ನಡುವಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಹ್ಯಾಂಡಲ್ ನೆಟ್ಟಗೆ ನಿಲ್ಲುವುದರಲ್ಲಿ, ಇಳಿಜಾರಿನಲ್ಲಿ ಮುಂದಿನ ಗಾಲಿ ಒದ್ದಾಡದೆ ಸಾಗುವುದರಲ್ಲಿ ಇದರ ಪಾತ್ರ ದೊಡ್ಡದು. ಟ್ರೇಲ್ ಗಾಲಿಯೊಳಗೆ ಇಲ್ಲ. ಫೋರ್ಕಿನಲ್ಲೂ ಫ್ರೇಮಿನಲ್ಲೂ ಇಲ್ಲ. ಮೂರನ್ನೂ ಬಿಚ್ಚಿ ನೆಲದ ಮೇಲೆ ಹರಡಿದರೆ ಅದು ಇಲ್ಲವಾಗುತ್ತದೆ, ಜೋಡಿಸಿದರೆ ಮಿಲಿಮೀಟರಿನಲ್ಲಿ ಅಳೆಯುವಷ್ಟು ಖಚಿತವಾಗಿ ಬರುತ್ತದೆ. 71 ಡಿಗ್ರಿ ಕೋನದ ಹಳೆಯ ಫ್ರೇಮಿನಲ್ಲಿ ಗಾಲಿಯ ತ್ರಿಜ್ಯ ಹನ್ನೆರಡೂವರೆ ಮಿಲಿಮೀಟರು ಹೆಚ್ಚಿದರೆ ಟ್ರೇಲ್ ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚುತ್ತದೆ. ಭಾಗಗಳ ಆಕಾರವನ್ನು ಎಷ್ಟು ಕೂಡಿಸಿದರೂ ಈ ಗುಣ ಸಿಗುವುದಿಲ್ಲ. ಪರಮಾರ್ಥದಲ್ಲಿ ಈ ಸಂಬಂಧಕ್ಕೂ ಸ್ವಭಾವವಿಲ್ಲ ಎಂದು ಚಂದ್ರಕೀರ್ತಿ ಮರಳಿ ಹೇಳಿಯಾನು. ಹೇಳಲಿ. ಅವನೂ ವ್ಯವಹಾರದಲ್ಲಿ ರಥವನ್ನು ಒಪ್ಪುವವನೇ, ಮತ್ತು ಅದೇ ಸೈಕಲ್ಲೇ ಎಂಬ ಪ್ರಶ್ನೆ ವ್ಯವಹಾರದ ಪ್ರಶ್ನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಸಂಬಂಧವೇ ಎಲ್ಲವೂ ಆದರೆ, ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ, ಕೋನ ಅಳತೆಗಳಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಎರಡು ಸೈಕಲ್ಲುಗಳು ಒಂದೇ ಸೈಕಲ್ಲು ಎನ್ನಬೇಕಾಗುತ್ತದೆ. ಅದು ಅಸಂಗತ. ನ್ಯಾಯ-ವೈಶೇಷಿಕರು ಇಲ್ಲಿ ಇನ್ನೊಂದು ತುದಿಗೆ ಹೋಗುತ್ತಾರೆ: ಅವಯವಿ ಅವಯವಗಳಿಗಿಂತ ಬೇರೆಯಾದ ನಿಜವಸ್ತು, ಬಟ್ಟೆಯಿಂದ ಒಂದು ನೂಲನ್ನು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸ ಬಟ್ಟೆ ಹುಟ್ಟುತ್ತದೆ ಎನ್ನುತ್ತಾರೆ. ಹಾಗಾದರೆ ಬ್ರೇಕ್ ರಬ್ಬರು ಬದಲಿಸಿದಾಗಲೆಲ್ಲ ಹೊಸ ಸೈಕಲ್ಲು ಹುಟ್ಟಬೇಕು. ತರ್ಕಕ್ಕೆ ಕಟ್ಟುಬಿದ್ದ ಆ ಧೈರ್ಯವನ್ನು ನಾನು ಗೌರವಿಸುತ್ತೇನೆ, ಒಪ್ಪಲಾರೆ. ಆಕ್ಷೇಪಕ್ಕೆ ಉತ್ತರ ಫ್ರೇಮಿನಲ್ಲಿದೆ. ಬಾಟಮ್ ಬ್ರಾಕೆಟ್ಟಿನ ಕೆಳಗೆ ಒತ್ತಿದ ನಂಬರು, ಬೆಸುಗೆಯ ಗುರುತು, ಚೈನು ಬಡಿದು ಬಣ್ಣ ಕಿತ್ತುಬಂದ ಜಾಗ ಇವೆಲ್ಲ ಒಂದು ನಿರ್ದಿಷ್ಟ ಇತಿಹಾಸದ ಕುರುಹುಗಳು. ಸಂಬಂಧ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದನ್ನು ಹೊತ್ತು ಕಾಲದಲ್ಲಿ ಮುಂದೆ ಸಾಗಿಸುವ ಒಂದು ಆಧಾರ ಬೇಕು. ಸೈಕಲ್ಲಿನಲ್ಲಿ ಆ ಆಧಾರ ಫ್ರೇಮು. ಆದ್ದರಿಂದ ನನ್ನ ವಾದವನ್ನು ಇಷ್ಟು ತಿದ್ದಿಕೊಳ್ಳಬೇಕು: ಎರಡು ಸೈಕಲ್ಲುಗಳಲ್ಲಿ ಯಾವುದು ಯಾವುದೆಂದು ಹೇಳುವುದು ಫ್ರೇಮಿನ ಇತಿಹಾಸ, ಆ ಒಂದು ಇನ್ನೂ ತಾನಾಗಿದೆಯೇ ಎಂದು ಹೇಳುವುದು ಉಳಿದುಬಂದ ಸಂಬಂಧ. ಹಾಬ್ಸ್‌ನ ಎರಡು ಹಡಗುಗಳ ತೊಡಕೂ ಇಲ್ಲಿ ಸಡಿಲಗೊಳ್ಳುತ್ತದೆ. ಕೂಡಿಟ್ಟ ಹಲಗೆಗಳ ಹಡಗಿಗೆ ಮರವಿದೆ, ಕಾಲದಲ್ಲಿ ಎಡೆಬಿಡದೆ ಬಂದ ಸಂಬಂಧವಿಲ್ಲ.

ಮೂಲದಂತೆಯೇ ಇರಬೇಕು, ಮಾಡಿದವನ ಉದ್ದೇಶಕ್ಕೆ ಕೈ ಹಾಕಬಾರದು ಎನ್ನುವವರು ಇನ್ನೊಂದು ಪಂಗಡ. ಹಳೆಯ ಸೈಕಲ್ಲುಗಳನ್ನು ಪ್ರೀತಿಯಿಂದ ಕಾಪಾಡುವವರಲ್ಲಿ ಈ ನಿಷ್ಠೆ ಬಲವಾಗಿದೆ, ಅದು ಹಗುರಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಆದರೆ ಮೌಂಟನ್ ಬೈಕಿನ ಮಟ್ಟಿಗೆ ಇತಿಹಾಸ ಅವರ ಕಡೆಗಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಕೆಲವು ತರುಣರು 1930–40ರ ದಶಕದ ಷ್ವಿನ್ ಎಕ್ಸೆಲ್ಸಿಯರ್ ಸೈಕಲ್ಲುಗಳನ್ನು ಹುಡುಕಿ ತಂದು, ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಹುಡುಗರು ಪೇಪರು ಹಾಕಲು ಬಳಸುತ್ತಿದ್ದಂಥ ಸೈಕಲ್ಲುಗಳವು. 1976ರಲ್ಲಿ ಶುರುವಾದ ಅವರ ಇಳಿಜಾರಿನ ಸ್ಪರ್ಧೆಗೆ ರೀಪ್ಯಾಕ್ ಎಂಬ ಹೆಸರು ಬಂದದ್ದು, ಒಂದು ಸಲ ಇಳಿದರೆ ಹಿಂಬದಿಯ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು ಎಂಬ ಕಾರಣಕ್ಕೆ. ಆ ಫ್ರೇಮುಗಳಿಗೆ ಅವರು ಡ್ರಮ್ ಬ್ರೇಕು, ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರು, ಗೇರು ಎಲ್ಲವನ್ನೂ ಸೇರಿಸಿದರು. 1977ರಲ್ಲಿ ಜೋ ಬ್ರೀಜ್ ಹೊಸದಾಗಿ ಫ್ರೇಮು ಕಟ್ಟಿದಾಗ ಬೇರೆ ಕೊಳವೆ, ಬೇರೆ ಬೆಸುಗೆ ಬಳಸಿದರೂ ಮಾದರಿಯಾಗಿ ಇಟ್ಟುಕೊಂಡದ್ದು ಎಕ್ಸೆಲ್ಸಿಯರ್‌ನ ಕೋನಗಳನ್ನೇ. 26 ಇಂಚಿನ ಗಾಲಿ ಬಂದದ್ದೂ ಬೆಟ್ಟಕ್ಕೆ ಅದೇ ಸರಿಯೆಂದು ಯಾರೋ ಲೆಕ್ಕ ಹಾಕಿದ್ದರಿಂದ ಅಲ್ಲ. ಷ್ವಿನ್ ಕಂಪನಿ 1933ರಲ್ಲಿ ತಂದ ಬಲೂನು ಟೈರು ಆ ಅಳತೆಯದಾಗಿತ್ತು. ಹೊಸದೆಂದು ಮಾರಾಟವಾದ 27.5 ಕೂಡ ಫ್ರಾನ್ಸಿನ ಹಳೆಯ ಪ್ರವಾಸಿ ಸೈಕಲ್ಲುಗಳ 650ಬಿ ಅಳತೆಯೇ. ಯಾವುದನ್ನು ಮೂಲವೆಂದು ಕೈಮುಗಿಯುತ್ತೇವೋ ಅದೇ ಹಳೆಯ ಫ್ರೇಮಿಗೆ ಬೇರೆ ಸಾಮಾನು ಕೂರಿಸಿದ್ದರಿಂದ ಹುಟ್ಟಿದ್ದು. ಮಾಡಿದವನ ಉದ್ದೇಶಕ್ಕೆ ನಿಷ್ಠೆ ಎಂದರೆ ಅವನು ಆ ಕೋನ, ಆ ಎತ್ತರಗಳನ್ನು ಯಾಕೆ ಆರಿಸಿದ ಎಂಬುದಕ್ಕೆ ನಿಷ್ಠೆ.

ಧಾರ್ಮಿಕ ಪರಂಪರೆಗಳು ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಅರಿತಿದ್ದವು. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಪೂರ್ತಿ ಮತ್ತೆ ಕಟ್ಟುತ್ತಾರೆ. 2013ರಲ್ಲಿ ಹಾಗೆ ಕಟ್ಟಿದರು. ಮರ ಹೊಸದು, ಅಳತೆ ಹಳೆಯದು, ದೇಗುಲ ಅದೇ. ಪುರಿಯ ಜಗನ್ನಾಥನಿಗೆ 2015ರಲ್ಲಿ ನವಕಳೇವರ ನಡೆದಾಗ ಬೇವಿನ ಮರದಿಂದ ಹೊಸ ಮೂರ್ತಿಗಳನ್ನು ಮಾಡಿ, ಹಳೆಯ ಮೂರ್ತಿಗಳೊಳಗಿನ ಬ್ರಹ್ಮಪದಾರ್ಥವನ್ನು ಅವುಗಳಿಗೆ ಸಾಗಿಸಿದರು. ಅಲ್ಲಿ ಎಡೆಬಿಡದ ಆಧಾರವೂ ಇದೆ, ರೂಪದ ನಿಯಮವೂ ಇದೆ. ಸೈಕಲ್ಲನ್ನು ದೇವರ ಮೂರ್ತಿಗೆ ಸಮನಾಗಿ ಇಡುವುದು ನನ್ನ ಉದ್ದೇಶವಲ್ಲ. ಬದಲಾವಣೆ ತಪ್ಪದ ಲೋಕದಲ್ಲಿ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ಬೇರ್ಪಡಿಸಿ ನೋಡಿದವರೆಲ್ಲ ಪದಾರ್ಥಕ್ಕಿಂತ ಕ್ರಮಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದಾರೆ ಎಂಬುದಷ್ಟೇ ಇಲ್ಲಿ ಬೇಕಾದ ಸಾಕ್ಷ್ಯ.

ಸಂಬಂಧ ಎಷ್ಟು ಬದಲಾದರೆ ವಸ್ತು ಬೇರೆಯಾಗುತ್ತದೆ, ಗೆರೆ ಎಲ್ಲಿದೆ ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಎರಡು ತುಂಡಿನಲ್ಲಿದೆ. ನಡುವಿನ ದಾರಿಯಲ್ಲಿ ಖಚಿತ ಗೆರೆಯಿಲ್ಲ; ನಾಲ್ಕು ಮಿಲಿಮೀಟರಿನ ಟ್ರೇಲ್ ವ್ಯತ್ಯಾಸವನ್ನು ಒಬ್ಬ ಸವಾರ ಗುರುತಿಸುತ್ತಾನೆ, ಇನ್ನೊಬ್ಬ ಗುರುತಿಸುವುದಿಲ್ಲ. ಆದರೆ ಕೊನೆಯ ಗೆರೆ ಯಾರ ಅಭಿಪ್ರಾಯಕ್ಕೂ ಕಾಯುವುದಿಲ್ಲ. ಶಾಕ್ ಇರುವ ಫೋರ್ಕಿನ ಗಾಳಿ ಪೂರ್ತಿ ಬಿಟ್ಟು, ಹ್ಯಾಂಡಲ್ ಮೇಲೆ ಭಾರ ಹಾಕಿ ತಳದವರೆಗೆ ಒತ್ತಿದಾಗ ದೊಡ್ಡ ಟೈರು ಫೋರ್ಕಿನ ತಲೆಗೆ ಉಜ್ಜಿದರೆ, ಹಳ್ಳಕ್ಕೆ ಇಳಿದ ಕ್ಷಣದಲ್ಲಿ ಗಾಲಿ ನಿಂತು ಸವಾರ ಮುಂದಕ್ಕೆ ಹಾರುತ್ತಾನೆ. ವಿ-ಬ್ರೇಕಿನ ಗೂಟಗಳನ್ನು ಫ್ರೇಮಿಗೇ ಬೆಸೆದಿರುತ್ತಾರೆ. ರಿಮ್ಮು ಹನ್ನೆರಡೂವರೆ ಮಿಲಿಮೀಟರು ಮೇಲೆ ಹೋದರೆ ಸಾಮಾನ್ಯ ಬ್ರೇಕ್ ರಬ್ಬರಿಗೆ ಅದು ಎಟುಕುವುದೇ ಇಲ್ಲ. ಸಂಬಂಧ ನಮ್ಮ ಕಲ್ಪನೆಯಷ್ಟೇ ಆಗಿದ್ದರೆ ಹೀಗೆ ಎದುರು ನಿಲ್ಲುತ್ತಿರಲಿಲ್ಲ. ಹಾಗಾಗಿ ಹಳೆಯ ಫ್ರೇಮನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅಳೆಯಿರಿ. ಡಿಸ್ಕ್ ಬ್ರೇಕು ಇದ್ದು, ಫೋರ್ಕು ಪೂರ್ತಿ ಒತ್ತಿದಾಗಲೂ ಟೈರಿನ ಸುತ್ತ ಐದಾರು ಮಿಲಿಮೀಟರು ಜಾಗ ಉಳಿದು, ಹೊರವ್ಯಾಸ ಹಳೆಯದರ ಹತ್ತಿರವೇ ಇದ್ದರೆ 27.5ರ ಗಾಲಿ ಕೂರಿಸಿ. ಅದು ನಿಮ್ಮ ಅದೇ ಸೈಕಲ್ಲು. ಜಾಗ ಸಾಲದಿದ್ದರೆ ಬಲವಂತ ಮಾಡಬೇಡಿ. 559ರ ಟೈರು, ರಿಮ್ಮು ಎರಡೂ ಇನ್ನೂ ತಯಾರಾಗುತ್ತಿವೆ, ನಮ್ಮ ಪೇಟೆಯ ಸೈಕಲ್ ಅಂಗಡಿಗಳಲ್ಲೂ ಸಿಗುತ್ತವೆ.