ದಾನಕ್ಕೆ ಪಾತ್ರನಾರು?

ಮರಳಿ ಉಪಕಾರ ಮಾಡಲಾರದವನಿಗೆ, ತಕ್ಕ ದೇಶಕಾಲಗಳಲ್ಲಿ, ಪಾತ್ರವರಿತು ಕೊಟ್ಟುದು ಸಾತ್ತ್ವಿಕ ದಾನವೆಂದೂ, ಫಲವನ್ನು ಎದುರುನೋಡಿ ಕೊಟ್ಟುದು ರಾಜಸವೆಂದೂ ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ವಿಭಾಗ ಮಾಡಿದೆಯಷ್ಟೆ. ಪಾಠಶಾಲೆಯಲ್ಲಿ ಕಲಿತಾಗ ಈ ವಿಷಯವು ನನಗೆ ಸುಲಭವಾಗಿ ತೋರಿತ್ತು. ಇದನ್ನು ಆಟದ ಬಯಲಿಗೆ ಅನ್ವಯಿಸಹೋದರೆ ಮಾತ್ರ ತೊಡಕು ಕಾಣುತ್ತದೆ.

ತರುಣ ಕ್ರೀಡಾಪಟುಗಳನ್ನು ಖಾಸಗಿ ಧನದಿಂದ ಪೋಷಿಸುವ ಪ್ರತಿಷ್ಠಾನಗಳು ಈಗ ಹಲವುಂಟು. ನಮ್ಮ ಪ್ರಕಾಶ ಪಡುಕೋಣೆಯವರೂ ಗೀತ್ ಸೇಠಿಯವರೂ 2001ರಲ್ಲಿ ‘ಒಲಿಂಪಿಕ್ ಗೋಲ್ಡ್ ಕ್ವೆಸ್ಟ್’ ಎಂಬ ಸಂಸ್ಥೆಯನ್ನು ಕಟ್ಟಿದರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ನಾಲ್ಕನ್ನು ತಂದವರು ಇದರ ನೆರವು ಪಡೆದವರು. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ಜೆ.ಎಸ್.ಡಬ್ಲ್ಯು. ಉದ್ಯಮದವರು ‘ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್’ ತೆರೆದರು. ಟೋಕಿಯೋದಲ್ಲಿ ಚಿನ್ನ ಗೆದ್ದ ನೀರಜ್ ಚೋಪ್ರಾ ಅಲ್ಲಿಯೂ ಅಭ್ಯಾಸ ಮಾಡಿದವರು. ಇದಲ್ಲದೆ 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಲೋಕೋಪಕಾರಕ್ಕೆ ವೆಚ್ಚ ಮಾಡತಕ್ಕದ್ದು. ಕ್ರೀಡಾಶಿಕ್ಷಣವೂ ಅದರಲ್ಲಿ ಸೇರಿದೆ.

ಕಾಯಿದೆಗಂಜಿ ಕೊಟ್ಟುದು, ಕೀರ್ತಿಗಾಗಿ ಕೊಟ್ಟುದು ದಾನವೆ ಎಂದು ಕೆಲವರು ಆಕ್ಷೇಪಿಸುವುದುಂಟು. ಹಿಂದೆ ಅರಸರು ಜಟ್ಟಿಗಳನ್ನು ಸಾಕಿದುದರಲ್ಲಿಯೂ ಕೀರ್ತಿಯ ಆಸೆ ಇದ್ದೇ ಇತ್ತು. ಹಾಗೆಂದು ಜಟ್ಟಿಯ ಹೊಟ್ಟೆ ತುಂಬದಿರಲಿಲ್ಲ. ನನ್ನನ್ನು ಬಾಧಿಸುವ ಪ್ರಶ್ನೆ ಬೇರೆ: ಇಲ್ಲಿ ಪಾತ್ರನೆಂಬವನು ಯಾರು?

ನಾನು ಉಪಾಧ್ಯಾಯನಾಗಿದ್ದಾಗ ಊರಿನ ವರ್ತಕರೊಬ್ಬರು, “ಮೇಷ್ಟ್ರೆ, ಗರಡಿಗೆ ಹೋಗುವ ಒಬ್ಬ ಹುಡುಗನನ್ನು ತೋರಿಸಿರಿ. ಅವನ ಹಾಲು, ಬಾದಾಮಿ, ಪುಸ್ತಕಗಳ ಖರ್ಚು ನನಗಿರಲಿ” ಎಂದರು. ಸಮಬಲದ ಹುಡುಗರಿಬ್ಬರಿದ್ದರು. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಗೆದ್ದವನ ಹೆಸರನ್ನು ನಾನು ಹೇಳಿದೆನು. ಸೋತವನು ಮರುವರ್ಷ ಶಾಲೆ ಬಿಟ್ಟು ಅಕ್ಕಿಯ ಗಿರಣಿಯಲ್ಲಿ ಮೂಟೆ ಹೊರಲು ಸೇರಿದನು. ಗೆದ್ದವನಿಗಾದರೂ ಎರಡು ವರ್ಷದೊಳಗೆ ಮೊಣಕಾಲಿಗೆ ಪೆಟ್ಟಾಗಿ ಕುಸ್ತಿ ನಿಂತಿತು. ಅದರೊಡನೆ ವರ್ತಕರ ಹಾಲೂ ನಿಂತಿತು, ಪುಸ್ತಕವೂ ನಿಂತಿತು. ಓದಿಗಾದರೂ ಕೊಡಿರೆಂದು ನಾನು ಕೇಳಬಹುದಾಗಿತ್ತು, ಕೇಳಲಿಲ್ಲ. ಇಬ್ಬರಲ್ಲೊಬ್ಬನನ್ನು ಆರಿಸಿದುದಕ್ಕಿಂತ ಈ ಮೌನವೇ ನನ್ನನ್ನು ಇಂದಿಗೂ ಕಾಡುತ್ತದೆ.

ಖಾಶಾಬಾ ಜಾಧವರ ವೃತ್ತಾಂತವನ್ನು ಇದರೊಡನೆ ಹೋಲಿಸಿ ನೋಡಬೇಕು. 1948ರ ಲಂಡನ್ ಒಲಿಂಪಿಕ್ಸಿನ ಕುಸ್ತಿಯಲ್ಲಿ ಅವರಿಗೆ ಆರನೆಯ ಸ್ಥಾನ ಮಾತ್ರ ದೊರೆತಿತ್ತು. 1952ರಲ್ಲಿ ಹೆಲ್ಸಿಂಕಿಗೆ ಹೊರಟಾಗ ಹಣ ಸಾಲದಾಯಿತು. ಆಗ ಅವರು ಕಲಿತ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು ತಮ್ಮ ಮನೆಯನ್ನು ಒತ್ತೆಯಿಟ್ಟು ಹಣ ಒದಗಿಸಿದರು. ಜಾಧವರು ಕಂಚಿನ ಪದಕವನ್ನು ತಂದರು. ಸ್ವತಂತ್ರ ಭಾರತದವನೊಬ್ಬನು ಒಲಿಂಪಿಕ್ಸಿನಲ್ಲಿ ಒಂಟಿಯಾಗಿ ಗಳಿಸಿದ ಮೊದಲ ಪದಕವದು. ಆದರೆ ಮನೆಯನ್ನು ಒತ್ತೆಯಿಟ್ಟ ದಿನ ಆ ಗುರುಗಳಿಗೆ ಪದಕದ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಬರಿಗೈಯಲ್ಲಿ ಮರಳಿದ್ದವನನ್ನು ನಂಬಿ ಅವರು ಕೊಟ್ಟರು.

ಪ್ರತಿಷ್ಠಾನಗಳು ಎಲ್ಲರನ್ನೂ ಸೇರಿಸಿಕೊಳ್ಳಲಾರವು. ಆಯ್ಕೆ ಅನಿವಾರ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ಹತ್ತು ಹನ್ನೆರಡು ವಯಸ್ಸಿನ ಮಗುವನ್ನು ತಾಯಿತಂದೆಗಳಿಂದ ಅಗಲಿಸಿ ಕರೆದೊಯ್ಯುವ ದಿನವೇ, “ಆಟ ನಿಂತರೂ ನಿನ್ನ ಓದು ನಿಲ್ಲದು, ಗಾಯವಾದರೆ ಚಿಕಿತ್ಸೆ ನಮ್ಮದು” ಎಂದು ಬರೆದುಕೊಡತಕ್ಕದ್ದು. ಮಕ್ಕಳನ್ನು ಕಳುಹಿಸುವ ಹಿರಿಯರೂ ಈ ಮಾತನ್ನು ಸಂಕೋಚವಿಲ್ಲದೆ ಕೇಳತಕ್ಕದ್ದು. ಗೆದ್ದವನು ದಾನಿಗೆ ಕೀರ್ತಿಯನ್ನು ಮರಳಿ ಕೊಡುತ್ತಾನೆ. ಅವನ ಋಣ ಅಲ್ಲಿಗೇ ತೀರಿತು. ಕಾಲು ಮುರಿದು ಊರಿಗೆ ಬಂದ ಹುಡುಗನು ಏನನ್ನೂ ಮರಳಿಸಲಾರನು. ಶಾಸ್ತ್ರವು ಹೇಳುವ ಪಾತ್ರನು ಅವನೇ ಎಂದು, ತಡವಾಗಿಯಾದರೂ, ನನಗೆ ತೋರಿದೆ.